ರಜೆಯ ನಾಲ್ಕು ದಿನ ಊರಿನ ದಾಸೋಹಕ್ಕೆ



ಯುಗಾದಿ ಕಳೆದ ಮೂರನೆಯ ದಿನ ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ಕಾಣುವುದು ಪ್ರತಿವರ್ಷವೂ ಒಂದೇ ದೃಶ್ಯ. ಬೆಂಗಳೂರಿನ ಬಸ್ಸುಗಳಿಗೆ ಕಾಲಿಡಲು ಜಾಗವಿರುವುದಿಲ್ಲ. ಒಬ್ಬೊಬ್ಬರ ಕೈಯಲ್ಲೂ ರಾಗಿ ಹಿಟ್ಟಿನ ಚೀಲ, ಹುಣಸೆಹಣ್ಣಿನ ಗಂಟು, ಉಪ್ಪಿನಕಾಯಿಯ ಡಬ್ಬ. ಕಿಟಕಿಯ ಹೊರಗೆ ನಿಂತ ತಾತ ಒಳಗೆ ಕುಳಿತ ಮೊಮ್ಮಗುವಿನ ಬೆರಳು ಹಿಡಿದಿರುತ್ತಾನೆ. ಬಸ್ಸು ಹೊರಡುತ್ತದೆ, ಬೆರಳು ಜಾರುತ್ತದೆ. ಕೋಲಾರದಲ್ಲಿಯೂ ಶ್ರೀನಿವಾಸಪುರದಲ್ಲಿಯೂ ಇದೇ ನೋಟ. ಮಾಲೂರಿನಲ್ಲಿ ಬಸ್ಸಿನ ಬದಲು ರೈಲು, ಅಷ್ಟೇ ವ್ಯತ್ಯಾಸ.

ಅಂಥ ಒಂದು ದಿನ ವೃದ್ಧ ಭಕ್ತರೊಬ್ಬರು ನಮ್ಮ ಬಳಿ ಬಂದು ಕುಳಿತರು. "ಬುದ್ಧೀ, ಮೂರು ದಿನ ಮನೆ ತುಂಬಿತ್ತು. ಮಕ್ಕಳು ಬಂದರು, ಉಂಡರು, ಮಲಗಿದರು, ಹೋದರು. ಬರಬೇಕಾದರೆ ನನಗೆ ಪಂಚೆ ತಂದಿದ್ದರು, ಅವಳಿಗೆ ಸೀರೆ ತಂದಿದ್ದರು. ಕೊಟ್ಟದ್ದಕ್ಕೆ ಕೊರತೆಯಿಲ್ಲ. ಆದರೆ ನನ್ನ ಕಣ್ಣಿಗೆ ಪೊರೆ ಬಂದದ್ದು ಅವರ ಕಣ್ಣಿಗೆ ಕಾಣಲಿಲ್ಲ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಆದರೂ ಆ ಮಾತು ನಮ್ಮನ್ನು ಬಹಳ ದಿನ ಕಾಡಿತು.

ಒಂದು ಮನೆಯ ಮಾತು ಇದಾದರೆ ಇಡೀ ಊರಿನ ಮಾತೂ ಇದೇ ಅಲ್ಲವೇ? ರಜೆಗೆ ಬಂದವರು ಕೊಡುತ್ತಾರೆ; ಆದರೆ ಕಾಣುವುದಿಲ್ಲ. ಊರಿಗೆ ಏನು ಬೇಕೆಂಬುದನ್ನು ಕಾಣದೆ ಕೊಟ್ಟದ್ದು ದಾನವಾಗಬಹುದು, ದಾಸೋಹವಾಗಲಾರದು. ಈ ವಾರ ನಾವು ಈ ವಿಷಯವನ್ನೇ ಚಿಂತಿಸೋಣ.

ದಾನ ಬೇರೆ, ದಾಸೋಹ ಬೇರೆ

ದಾನಿಯ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಈ ಮೇಲು ಕೀಳುಗಳಿಲ್ಲ. 'ನಾನು ದಾಸನು' ಎಂಬ ಭಾವವೇ ಆ ಶಬ್ದದ ಮೂಲ. ದಾಸನಾದವನು ತನಗೆ ತೋಚಿದ್ದನ್ನು ತಂದು ಸುರಿಯುವುದಿಲ್ಲ. ಒಡೆಯನಿಗೆ ಏನು ಬೇಕೆಂದು ಕೇಳುತ್ತಾನೆ, ಕೇಳಿದ ಕೆಲಸವನ್ನು ಮಾಡುತ್ತಾನೆ, ಮಾಡಿದ ಮೇಲೆ ಹೆಸರಿಗಾಗಿ ಕಾಯುವುದಿಲ್ಲ. ಊರನ್ನು ಒಡೆಯನೆಂದು ಬಗೆದು ಅದರ ಮುಂದೆ ಹೀಗೆ ನಿಲ್ಲುವುದೇ ರಜೆಯ ದಾಸೋಹ.

ಈ ಸೂಕ್ಷ್ಮವನ್ನು ತಿಳಿಯಲು ಸೊನ್ನಲಿಗೆಯ ಸಿದ್ಧರಾಮೇಶ್ವರರ ಬದುಕಿಗಿಂತ ದೊಡ್ಡ ಪಾಠ ಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಸೊಲ್ಲಾಪುರದಲ್ಲಿ, ಅವರು ಬಹುಜನರನ್ನು ಕೂಡಿಸಿಕೊಂಡು ಕೆರೆಯನ್ನು ತೋಡಿಸಿದರು. ಜನರಿಗೆ ನೀರು ಬೇಕಿತ್ತು. ಅವರು ನೀರಿನ ಕಾಯಕಕ್ಕೆ ನಿಂತರು. ಇಂದಿಗೂ ಸೊಲ್ಲಾಪುರದ ಕೆರೆಯ ನಡುವೆ ಸಿದ್ಧೇಶ್ವರ ದೇವಾಲಯವಿದೆ. ಸಂಕ್ರಾಂತಿಗೆ ಅಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಸಿದ್ಧರಾಮರನ್ನು ಮಣ್ಣು ಹೊರುವವನೆಂದು ಹಂಗಿಸಿ ಕರೆದರೆಂದೂ, ಕೆರೆಯ ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುಗಳು ಕೆರೆಯನ್ನು ಹಳಿದರೆಂದು ನಾವು ತಿಳಿಯಬಾರದು. ಕೆರೆ ಕಟ್ಟುವವನ ಮನಸ್ಸಿನಲ್ಲಿ 'ನಾನು ಕಟ್ಟಿದೆ' ಎಂಬ ಹೂಳು ತುಂಬಿದ್ದರೆ ಅದನ್ನು ಮೊದಲು ತೆಗೆಯಬೇಕೆಂಬುದೇ ಅವರ ಮಾತಿನ ತಿರುಳು. ಸಿದ್ಧರಾಮರು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಅವರ ಕೀರ್ತಿ ಮಾತ್ರ ಇಂದಿಗೂ ಕೆರೆಯ ನೀರಿನೊಡನೆಯೇ ಇದೆ.

ಕೆರೆಗಳ ನಾಡು ನಮ್ಮದು

ಕೋಲಾರ ಸೀಮೆಯವರಾದ ನಮಗೆ ಈ ಕಥೆ ದೂರದ್ದಲ್ಲ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಹೆಸರಿಗೆ ನದಿ. ಮಳೆ ಬಂದರೆ ನೀರು, ಇಲ್ಲದಿದ್ದರೆ ಮರಳು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ಬಹುಪಾಲು ಆಗಸ್ಟ್‌ನಿಂದ ನವೆಂಬರ್‌ವರೆಗೆ. ಈ ನೀರನ್ನು ಹಿಡಿದಿಡಲು ನಮ್ಮ ಹಿರಿಯರು ಕಟ್ಟಿದ ಕೆರೆಗಳು ಇಂದಿನ ಕೋಲಾರ ಜಿಲ್ಲೆಯೊಂದರಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ. ಮಣಿ ಪೋಣಿಸಿದ ಸರದಂತೆ ಊರಿಂದೂರಿಗೆ ನೀರಿನ ನೆಂಟಸ್ತನ.

ಇದನ್ನೆಲ್ಲ ಅರಸರೊಬ್ಬರೇ ಮಾಡಲಿಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ನಮ್ಮ ಸೀಮೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೂ ಕೆರೆಯನ್ನು ನೋಡಿಕೊಂಡವರಿಗೂ 'ಬಿತ್ತುವಟ್ಟ', 'ದಶವಂದ' ಎಂದು ಭೂಮಿ ಬಿಟ್ಟುಕೊಟ್ಟ ಮಾತುಗಳು ಬರುತ್ತವೆ. ಕಟ್ಟುವುದಕ್ಕೆ ಎಷ್ಟು ಗೌರವವೋ ಕಾಯುವುದಕ್ಕೂ ಅಷ್ಟೇ ಗೌರವವಿತ್ತು. ತೂಬು ತೆರೆಯಲು ನೀರುಗಂಟಿಯಿದ್ದ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗಾಡಿ ಕಟ್ಟಿ ಗೋಡು ಹೊಡೆಯುತ್ತಿದ್ದರು. ಕೆರೆಗೆ ಹೂಳು ಕಡಿಮೆಯಾಗುತ್ತಿತ್ತು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಈ ಪತ್ರಿಕೆ ಓದುವ ಹಿರಿಯರಲ್ಲಿ ಎಷ್ಟೋ ಮಂದಿ ಸ್ವತಃ ಆ ಗಾಡಿ ಹೊಡೆದವರೇ.

ಕೊಳವೆಬಾವಿ ಬಂದ ಮೇಲೆ ಕೆರೆಯನ್ನು ಮರೆತೆವು. ನೀರು ಸಾವಿರ ಅಡಿಗೂ ಕೆಳಗಿಳಿಯಿತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಲೆಯಾಗಿ ಕಾಣಿಸಿಕೊಂಡಿತು. 2018ರಲ್ಲಿ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಮೊದಲು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿಯಿತು, ಆಮೇಲೆ ಇನ್ನೂ ಅನೇಕ ಕೆರೆಗಳಿಗೆ. ಆ ನೀರಿನ ಗುಣದ ಬಗ್ಗೆ ಚರ್ಚೆ ನಡೆದಿದೆ. ಅದನ್ನು ಬಲ್ಲವರು ಹೇಳಲಿ. 2021ರ ನವೆಂಬರಿನ ಮಳೆಗೆ ಎಷ್ಟೋ ವರ್ಷಗಳಿಂದ ಬಾಯಾರಿದ್ದ ಕೆರೆಗಳು ಕೋಡಿ ಬಿದ್ದಾಗ ಮುತ್ತೈದೆಯರು ಬಾಗಿನ ಬಿಟ್ಟು ಸಂಭ್ರಮಿಸಿದರು. ಆದರೆ ಕಾಲುವೆ ಮುಚ್ಚಿಹೋದ ಊರುಗಳಲ್ಲಿ ಅದೇ ಮಳೆ ಹೊಲಗಳ ಮೇಲೆ ನುಗ್ಗಿ ಹರಿದುಹೋಯಿತು. ದೇವರು ಕೊಟ್ಟ, ಪಡೆಯಲು ನಮ್ಮ ಪಾತ್ರೆ ಸಿದ್ಧವಿರಲಿಲ್ಲ.

ನಮ್ಮದೂ ಒಂದು ತಪ್ಪು

ಇಲ್ಲಿ ನಾವೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಪಟ್ಟಣದಿಂದ ತರುಣರ ಒಂದು ತಂಡ ಹಳ್ಳಿಯೊಂದರ ಕಲ್ಯಾಣಿಯನ್ನು ಸ್ವಚ್ಛಗೊಳಿಸಲು ಬಂದಿತು. ಒಂದೇ ಬಣ್ಣದ ಅಂಗಿ, ಹೊಸ ಸನಿಕೆ, ಹೊಸ ಮಂಕರಿ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆವರು ಸುರಿಸಿ ದುಡಿದರು, ಅದರಲ್ಲಿ ಸುಳ್ಳಿಲ್ಲ. ಫೋಟೋ ತೆಗೆದರು, ಊಟ ಮಾಡಿದರು, ಹತ್ತು ಸಸಿಗಳನ್ನು ನೆಟ್ಟರು. ಸಂಜೆ ಸಭೆಯಲ್ಲಿ ನಾವೇ ಅವರಿಗೆ ಶಾಲು ಹೊದಿಸಿ ಆಶೀರ್ವದಿಸಿದೆವು.

ತಿಂಗಳು ಕಳೆದು ಆ ಊರಿಗೆ ಹೋದಾಗ ಕಂಡದ್ದು ಬೇರೆ. ಎತ್ತಿದ ಕೆಸರನ್ನು ಕಲ್ಯಾಣಿಯ ದಂಡೆಯ ಮೇಲೆಯೇ ಹಾಕಿದ್ದರು. ಮೊದಲ ಮಳೆಗೆ ಅರ್ಧ ಒಳಗೆ ಇಳಿದಿತ್ತು. ಮೇ ತಿಂಗಳಲ್ಲಿ ನೆಟ್ಟ ಸಸಿಗಳಲ್ಲಿ ಒಂದೂ ಉಳಿದಿರಲಿಲ್ಲ. ಊಟದ ಪ್ಲಾಸ್ಟಿಕ್ ತಟ್ಟೆಗಳನ್ನೂ ನೀರಿನ ಬಾಟಲಿಗಳನ್ನೂ ಮಾರನೆಯ ದಿನ ಬಳಿದು ಹಾಕಿದವರು ಅದೇ ಊರಿನ ಮುದುಕಿಯರು. "ಅವರು ಬಂದದ್ದು ಒಳ್ಳೆಯದೇ ಬುದ್ಧೀ, ಆದರೆ ನಮ್ಮನ್ನು ಒಂದು ಮಾತು ಕೇಳಿದ್ದರೆ ಕೆಸರನ್ನು ಎಲ್ಲಿ ಹಾಕಬೇಕೆಂದು ಹೇಳುತ್ತಿದ್ದೆವು" ಎಂದು ಒಬ್ಬಾಕೆ ನುಡಿದರು. ಕೇಳದೆ ಮಾಡಿದ್ದು ಆ ಮಕ್ಕಳ ತಪ್ಪಾದರೆ, ಕೇಳದೆ ಶಾಲು ಹೊದಿಸಿದ್ದು ನಮ್ಮ ತಪ್ಪು.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಕಂಡಿದ್ದೇವೆ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಚಿಕ್ಕ ಊರು. ಬೆಂಗಳೂರಿನಲ್ಲಿ ನಾನಾ ಕೆಲಸಗಳಲ್ಲಿದ್ದ ಆ ಊರಿನ ಮಕ್ಕಳೇ ಏಳೆಂಟು ಮಂದಿ ಹಬ್ಬದ ರಜೆಗೆ ಬಂದಿದ್ದರು. ಕೆರೆಯ ಹೂಳೆತ್ತಬೇಕೆಂಬುದು ಅವರ ಆಸೆ. ಹಿಂದೆ ನೀರುಗಂಟಿಯಾಗಿದ್ದ ಮುದುಕನನ್ನು ಕೇಳಿದರು. ಆತ ನಕ್ಕು, "ಕೆರೆಯೊಳಗೆ ಕೈ ಹಾಕಬೇಡ್ರಪ್ಪ. ತಳದ ಜೇಡಿ ಒಡೆದರೆ ನೀರು ನಿಲ್ಲುವುದಿಲ್ಲ. ನೀರು ಬರುವ ಕಾಲುವೆ ನೋಡಿ, ಎಷ್ಟು ವರ್ಷವಾಯಿತು ಅದು ಆಕಾಶ ಕಂಡು!" ಎಂದ. ಮಕ್ಕಳು ಆತನನ್ನು ಕಾಲುವೆಯ ಬದುವಿನ ಮೇಲೆ ಕೂರಿಸಿ, ಆತ ತೋರಿಸಿದ ಕಡೆ ಬಳ್ಳಾರಿ ಜಾಲಿ, ಲಂಟಾನ ಕಡಿದರು. ಮೂರು ಬೆಳಗು, ಬಿಸಿಲೇರುವ ತನಕ. ಮುಗಿಯಲಿಲ್ಲ. ದಸರೆಗೆ ಬಂದಾಗ ಮುಂದುವರಿಸಿದರು, ಮರು ಯುಗಾದಿಗೆ ಮತ್ತೆ ಬಂದರು. ಅದಕ್ಕೆ ಸಭೆಯಾಗಲಿಲ್ಲ, ಶಾಲು ಬರಲಿಲ್ಲ. ಮಳೆಗಾಲದಲ್ಲಿ ಆ ಕಾಲುವೆಯಲ್ಲಿ ನೀರು ಬಂದ ದಿನ ಮುದುಕ ಬೆಂಗಳೂರಿಗೆ ಫೋನು ಮಾಡಿಸಿ, ನೀರಿನ ಸದ್ದನ್ನೇ ಕೇಳಿಸಿದನಂತೆ.

ನೀರು ಬಂದದ್ದು ಮಳೆಯ ಕೃಪೆ. ದಾರಿ ತೆರೆದದ್ದು ಆ ಮಕ್ಕಳ ಕೈ. ಆದರೆ ಎಲ್ಲಿ ಕಡಿಯಬೇಕೆಂದು ತಿಳಿದಿದ್ದು ಯಾರೂ ಕೇಳದೆ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಮುದುಕನಿಗೆ.

ಜಗತ್ತಿನಲ್ಲಿಯೂ ಇದೇ ದಾರಿ

ರಜೆಯನ್ನು ಪರರ ಕೆಲಸಕ್ಕೆ ಕೊಡುವುದು ಇಂದಿನ ಹೊಸ ಪದ್ಧತಿಯಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬವರು ಕೆಲವು ಗೆಳೆಯರೊಡನೆ ಫ್ರಾನ್ಸಿನ ವರ್ಡನ್ ಬಳಿ ಯುದ್ಧದಲ್ಲಿ ಪಾಳುಬಿದ್ದ ಹಳ್ಳಿಯೊಂದಕ್ಕೆ ಹೋಗಿ ಸ್ವಂತ ಕೈಯಿಂದ ಮನೆ ಕಟ್ಟಲು ನಿಂತರು. ಶ್ರಮದ ಶಿಬಿರಗಳ ಪದ್ಧತಿ ಲೋಕದಲ್ಲಿ ಹಬ್ಬಿದ್ದು ಅಲ್ಲಿಂದ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭಾರೀ ಭೂಕಂಪವಾದಾಗ ಅದೇ ಸೆರೆಸೋಲ್ ಭಾರತಕ್ಕೆ ಬಂದು ಹಳ್ಳಿಗರೊಡನೆ ಕೂಡಿ ಊರುಗಳನ್ನು ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿದರು.

ನಮ್ಮ ದೇಶದಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಮೊದಲು 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳು ಅದರಲ್ಲಿದ್ದರು. ಕಾಲೇಜಿನ ಮಕ್ಕಳು ಏಳು ದಿನ ಹಳ್ಳಿಯಲ್ಲಿಯೇ ಉಳಿದು ಮಾಡುವ ವಿಶೇಷ ಶಿಬಿರವನ್ನು ನಮ್ಮ ತಾಲ್ಲೂಕುಗಳ ಊರುಗಳೂ ಕಂಡಿವೆ. ಆ ಏಳು ದಿನಗಳ ಬೆಲೆ ರಸ್ತೆ, ಚರಂಡಿಗಳಲ್ಲಿ ಮಾತ್ರ ಇಲ್ಲ. ಪಟ್ಟಣದ ಹುಡುಗ ಹಳ್ಳಿಯ ಮನೆಯ ಮುದ್ದೆ ಉಂಡು, ಅವರ ಕಷ್ಟ ಕೇಳಿ, ಅವರ ಜಗುಲಿಯಲ್ಲಿ ಮಲಗುವುದರಲ್ಲಿದೆ.

ಸಿದ್ಧರಾಮರ ಸೊಲ್ಲಾಪುರವಿರುವ ಮಹಾರಾಷ್ಟ್ರದಲ್ಲಿ 2016ರಿಂದ ಕೆಲವು ವರ್ಷ 'ಪಾನಿ ಫೌಂಡೇಶನ್' ಎಂಬ ಸಂಸ್ಥೆ ಬೇಸಿಗೆಯಲ್ಲಿ ಹಳ್ಳಿಗಳ ನಡುವೆ ಜಲಸಂರಕ್ಷಣೆಯ ಸ್ಪರ್ಧೆ ಏರ್ಪಡಿಸಿತು. 2018ರ ಮೇ 1ರ ರಜೆಯಂದು ನಗರಗಳ ಸಹಸ್ರಾರು ಜನ ಹಳ್ಳಿಗಳಿಗೆ ಹೋಗಿ ಹಳ್ಳಿಗರ ಜೊತೆಯಲ್ಲಿ ಗುದ್ದಲಿ ಹಿಡಿದರು. ಅಲ್ಲಿ ಯಾವ ಗುಡ್ಡದಲ್ಲಿ ಯಾವ ಅಳತೆಯ ಗುಂಡಿ ತೋಡಬೇಕೆಂಬುದನ್ನು ತರಬೇತಿ ಪಡೆದ ಹಳ್ಳಿಗರೇ ಮೊದಲು ನಿಶ್ಚಯಿಸಿ ಗುರುತು ಹಾಕಿದ್ದರು. ನಗರದವರು ಬಂದು ಗುರುತಿನ ಮೇಲೆ ಅಗೆದರು. ನಾವು ಅಲ್ಲಿಂದ ಕಲಿಯಬೇಕಾದದ್ದು ಈ ಕ್ರಮವನ್ನು.

ಊರು ಬಿಟ್ಟವರು ಊರಿನ ಋಣವನ್ನು ಬೇರೆ ಬಗೆಯಲ್ಲಿಯೂ ತೀರಿಸಬಹುದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಬಾಳಿದರು; 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ಅವರನ್ನು ಸನ್ಮಾನಿಸಿ ಅರ್ಪಿಸಿದ ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಬಂದದ್ದನ್ನು ತನ್ನದೆಂದು ಇಟ್ಟುಕೊಳ್ಳದ ಆ ಮನಸ್ಸು ನಮ್ಮ ಮಣ್ಣಿನ ಮಗನದೆಂಬುದು ನಮಗೆ ಹೆಮ್ಮೆ.

ನಾಲ್ಕು ದಿನದಲ್ಲಿ ಏನು ಮಾಡಬಹುದು?

'ನಾಲ್ಕು ದಿನ ರಜೆ, ಅದರಲ್ಲಿ ಏನು ಮಾಡಲು ಸಾಧ್ಯ?' ಎಂದು ತರುಣರು ಕೇಳುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ. ನಮಗೆ ತೋಚಿದ ಕೆಲವನ್ನು ಹೇಳುತ್ತೇವೆ.

ಮೊದಲನೆಯದು ಮನೆಯಿಂದಲೇ. ನಮ್ಮ ಸೀಮೆಯಲ್ಲಿ ಹಾಲು ಅನೇಕ ಮನೆಗಳ ಜೀವನಾಧಾರ. ಹಸುವಿಗೆ ರಜೆಯಿಲ್ಲ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಲೇಬೇಕು. ಇದಕ್ಕಾಗಿಯೇ ಎಷ್ಟೋ ಹಿರಿಯರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡುತ್ತಾರೆ. ರಜೆಗೆ ಬಂದ ಮಗನೋ ಸೊಸೆಯೋ ನಾಲ್ಕು ದಿನ ಹಸು ನೋಡಿಕೊಂಡರೆ, ಇನ್ನೊಬ್ಬರು ತಂದೆಯನ್ನು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ಕಣ್ಣಿನ ಆಸ್ಪತ್ರೆಗೋ ಕರೆದೊಯ್ಯಬಹುದು. ಮಕ್ಕಳಿಲ್ಲದ ಪಕ್ಕದ ಮನೆಯವರಿಗೂ ಈ ಉಪಕಾರ ಮಾಡಿದರೆ ಅದೇ ದಾಸೋಹ.

ಎರಡನೆಯದು ಕಾಗದಪತ್ರದ ಕೆಲಸ. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಪಹಣಿಯ ತಿದ್ದುಪಡಿ, ಬ್ಯಾಂಕಿನ ಆಧಾರ್ ಜೋಡಣೆ ಇವೆಲ್ಲ ಪಟ್ಟಣದಲ್ಲಿ ಕೆಲಸ ಮಾಡುವವರಿಗೆ ಸುಲಭ, ಅಕ್ಷರ ಬಾರದ ಅಜ್ಜಿಗೆ ಬೆಟ್ಟ. ಒಂದು ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ಕುಳಿತು ಹತ್ತು ಜನರ ಅರ್ಜಿ ಬರೆದುಕೊಟ್ಟರೆ, ಅದಕ್ಕೆ ಖರ್ಚೂ ಇಲ್ಲ, ಅವರ ಪಾಲಿಗೆ ಅದಕ್ಕಿಂತ ದೊಡ್ಡ ಉಪಕಾರವೂ ಇಲ್ಲ.

ಮೂರನೆಯದು ಮಕ್ಕಳು. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಊರುಗಳಲ್ಲಿ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ರಜೆಯಲ್ಲಿ ಬಂದ ಅಕ್ಕ ಅಣ್ಣಂದಿರು ಸಂಜೆ ಒಂದು ಗಂಟೆ ಕನ್ನಡದಲ್ಲಿ ಕಥೆ ಹೇಳಿ ಓದಿಸಿದರೆ ಆ ಮಕ್ಕಳ ನಾಲಿಗೆ ಸಲೀಸಾಗುತ್ತದೆ.

ನಾಲ್ಕನೆಯದು ರಕ್ತದಾನ. ಬೇಸಿಗೆಯಲ್ಲಿ ಕಾಲೇಜುಗಳು ಮುಚ್ಚುವುದರಿಂದ ಶಿಬಿರಗಳು ಕಡಿಮೆಯಾಗಿ ರಕ್ತದ ಕೊರತೆ ಹೆಚ್ಚುತ್ತದೆ. 18 ವರ್ಷ ತುಂಬಿದ, ಆರೋಗ್ಯವಂತರಾದ ತರುಣರು ರಜೆಯಲ್ಲಿ ಹತ್ತಿರದ ರಕ್ತನಿಧಿಗೆ ಒಮ್ಮೆ ಹೋಗಿಬರಲಿ.

ಐದನೆಯದು ಕೆರೆ, ಕಲ್ಯಾಣಿ, ಕಾಲುವೆ. ಇದಕ್ಕೆ ಕೈ ಹಾಕುವ ಮೊದಲು ಗ್ರಾಮ ಪಂಚಾಯಿತಿಗೆ ತಿಳಿಸಬೇಕು, ಊರ ಹಿರಿಯರನ್ನು ಕೇಳಬೇಕು. ಕೂಲಿಯಿಂದ ಬದುಕುವವರ ಕೆಲಸವನ್ನು ಉಚಿತವಾಗಿ ಮಾಡಿ ಅವರ ಅನ್ನ ಕೀಳಬಾರದು. ಹೊಂಗೆ, ಬೇವು, ನೇರಳೆ ಸಸಿಗಳನ್ನು ಮಳೆ ಹಿಡಿದ ಮೇಲೆ ನೆಡಬೇಕು. ನೀರು ಹಾಕುವವರು ಯಾರೆಂದು ಮೊದಲೇ ಗೊತ್ತುಮಾಡಬೇಕು. ಹತ್ತು ನೆಟ್ಟು ಒಣಗಿಸುವುದಕ್ಕಿಂತ ಎರಡು ನೆಟ್ಟು ಬೆಳೆಸುವುದು ಲೇಸು.

ಇನ್ನು ಪ್ರವಾಸಕ್ಕೆ ಬರುವವರಿಗೂ ಒಂದು ಮಾತು. ಅಂತರಗಂಗೆಗೆ, ಆವಣಿಗೆ, ಕುರುಡುಮಲೆಯ ಗಣಪತಿಗೆ, ಮಾಲೂರಿನ ಚಿಕ್ಕತಿರುಪತಿಗೆ ರಜೆಯಲ್ಲಿ ಜನ ಸಾಗರವಾಗಿ ಬರುತ್ತಾರೆ. ತಂದ ಕಸವನ್ನು ತಾವೇ ಕೊಂಡೊಯ್ದರೆ ಅದೂ ಸೇವೆಯೇ. ಮಾವಿನ ಕಾಲದಲ್ಲಿ ಬಂದವರು ದಾರಿಬದಿಯ ರೈತನೊಡನೆ ಐದು ರೂಪಾಯಿಗೆ ಚೌಕಾಸಿ ಮಾಡದೆ ಒಂದು ಬುಟ್ಟಿ ಕೊಂಡರೆ ಅದು ಆ ಕುಟುಂಬಕ್ಕೆ ಆಸರೆ. ಬೆಲೆ ಬಿದ್ದ ವರ್ಷ ಶ್ರೀನಿವಾಸಪುರದ ರೈತ ಹಣ್ಣನ್ನು ರಸ್ತೆಗೆ ಸುರಿದದ್ದನ್ನು ನೀವೂ ಕಂಡಿದ್ದೀರಿ.

ಹಿರಿಯರಿಗೆ ಒಂದು ಬಿನ್ನಹ

ಕೊನೆಯದಾಗಿ ಹಿರಿಯರಿಗೂ ಹೇಳಬೇಕಾದ್ದಿದೆ. ಮಕ್ಕಳು ರಜೆಗೆ ಬಂದಾಗ 'ಪಾಪ, ದಣಿದು ಬಂದಿವೆ, ಮಲಗಲಿ' ಎಂದು ನೀವು ಏನನ್ನೂ ಹೇಳುವುದಿಲ್ಲ. ಕಣ್ಣು ಮಂಜಾದದ್ದನ್ನು ಮುಚ್ಚಿಡುತ್ತೀರಿ, ಕಾಲುವೆ ಮುಚ್ಚಿದ್ದನ್ನೂ ಮುಚ್ಚಿಡುತ್ತೀರಿ. ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ಕೇಳುವುದು ಕಿರಿಯರ ಧರ್ಮವಾದರೆ ಹೇಳುವುದು ಹಿರಿಯರ ಧರ್ಮ. ಮೊಮ್ಮಕ್ಕಳ ಕೈ ಹಿಡಿದು ಏರಿಯ ಮೇಲೆ ನಡೆಸಿ. ತೂಬು ಯಾವುದು, ಕೋಡಿ ಯಾವುದು, ನೀರು ಯಾವ ಊರಿನಿಂದ ಬಂದು ಯಾವ ಊರಿಗೆ ಹೋಗುತ್ತದೆ ಎಂದು ತೋರಿಸಿ. ನೀವು ತೋರಿಸದೆ ಹೋದರೆ ಆ ಅರಿವು ನಿಮ್ಮೊಡನೆಯೇ ಹೋಗಿಬಿಡುತ್ತದೆ. ಆಮೇಲೆ ಎಷ್ಟು ಹಣ ಕೊಟ್ಟರೂ ಅದು ಸಿಗುವುದಿಲ್ಲ.

ನಮ್ಮ ಬಳಿ ಬಂದಿದ್ದ ಆ ವೃದ್ಧ ಭಕ್ತರಿಗೆ ನಾವು ಹೇಳಿದ್ದೂ ಇದನ್ನೇ: "ಪೊರೆ ಬಂದದ್ದನ್ನು ನೀವು ಹೇಳಿದಿರಾ ಯಜಮಾನರೇ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಬುದ್ಧೀ" ಎಂದರು. ಗೌರಿ ಹಬ್ಬಕ್ಕೆ ಮಗ ಬಂದಾಗ ಹೇಳಿದರಂತೆ. ಮಗ ಒಂದು ವಾರ ಹೆಚ್ಚಿಗೆ ರಜೆ ಹಾಕಿ ನಿಂತನಂತೆ. ಈಗ ಅವರು ಈ ಅಂಕಣವನ್ನು ತಾವೇ ಓದುತ್ತಾರೆ.

ಬರುವ ರಜೆಗೆ ಊರಿಗೆ ಬರುವ ಮಕ್ಕಳು ಚೀಲ ಇಳಿಸಿದೊಡನೆ 'ಏನು ಮಾಡಲಿ?' ಎಂದು ಒಂದು ಮಾತು ಕೇಳಲಿ. ಹಿರಿಯರು ಸಂಕೋಚವಿಲ್ಲದೆ ಹೇಳಲಿ. ಮಾಡಿದವರ ಕೈ ಗಟ್ಟಿಯಾಗಲಿ, ಮನಸ್ಸು ಹಗುರವಾಗಲಿ. ಕೆರೆಕಟ್ಟೆಗಳು ತುಂಬಿ ನಾಡು ತಣ್ಣಗಿರಲಿ ಎಂದು ಹಾರೈಸುತ್ತೇವೆ.

ಸರ್ವರಿಗೂ ಶುಭವಾಗಲಿ.